ಎಚ್-ಇಂಡೆಕ್ಸ್ 1: ಒಬ್ಬ ವಸಾಹತೋತ್ತರ ಸಾಹಿತ್ಯ ಸಂಶೋಧಕಿಯ ಪ್ರಕರಣ

ನಾನು ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಅಧ್ಯಾಪಕರ ಪ್ರಕಟಣೆಗಳ ಪಟ್ಟಿ ಇಡುವುದು, ಅವಕ್ಕೆ ಬಂದ ಸೈಟೇಶನ್‌ಗಳ (ಬೇರೆಯವರು ತಮ್ಮ ಬರಹದಲ್ಲಿ ಮಾಡಿದ ಉಲ್ಲೇಖಗಳ) ಲೆಕ್ಕ ತೆಗೆದುಕೊಡುವುದು ನನ್ನ ಕೆಲಸದ ಒಂದು ಭಾಗ. ಇಲ್ಲಿ ಹೇಳುತ್ತಿರುವುದು ನಮ್ಮ ಇಂಗ್ಲಿಷ್ ವಿಭಾಗದ ಒಬ್ಬ ಅಸೋಸಿಯೇಟ್ ಪ್ರೊಫೆಸರ್ ವಿಷಯ. ಇದನ್ನು ಬರೆಯಲು ಅವರು ಒಪ್ಪಿದ್ದಾರೆ. ಗುರುತು ಸಿಗಬಾರದು ಅಂತ ಅವರ ಸಂಶೋಧನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಅಂಕಿಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ. ನಡೆದ ಕ್ರಮ ಮಾತ್ರ ಹಾಗೆಯೇ ಇದೆ. ಅವರನ್ನು ನಾವೆಲ್ಲ ಕರೆಯುವ ಹಾಗೆ ಇಲ್ಲೂ ಮೇಡಂ ಅಂತಲೇ ಕರೆಯುತ್ತೇನೆ.

ಹಿನ್ನೆಲೆ

ಮೇಡಂ ಎರಡು ದಶಕಕ್ಕೂ ಜಾಸ್ತಿ ಕಾಲದಿಂದ ಪಾಠ ಮಾಡುತ್ತಿದ್ದಾರೆ. ಅವರ ಕ್ಷೇತ್ರ ವಸಾಹತೋತ್ತರ ಸಾಹಿತ್ಯ, ಅಂದರೆ ವಸಾಹತು ಆಳ್ವಿಕೆಗೆ ಒಳಗಾಗಿದ್ದ ದೇಶಗಳ ಸಾಹಿತ್ಯ. ಪೂರ್ವ ಆಫ್ರಿಕಾದ ಕಾದಂಬರಿಗಳ ಮೇಲೆ ಪಿಎಚ್‌.ಡಿ ಮಾಡಿದವರು, ಆಮೇಲೆ ನಿಧಾನವಾಗಿ ನಮ್ಮ ಕಡೆಗೆ ತಿರುಗಿದರು. 19ನೇ ಶತಮಾನದಲ್ಲಿ ಮಿಷನರಿಗಳು ಮತ್ತು ಬ್ರಿಟಿಷ್ ಶಿಕ್ಷಣ ಇಲಾಖೆ ಕನ್ನಡ ಗದ್ಯವನ್ನು ಹೇಗೆ ಬದಲಿಸಿದರು ಅನ್ನುವುದು ಅವರ ಮುಖ್ಯ ಪ್ರಶ್ನೆಯಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಮುದ್ರಣಾಲಯ 1841ರಲ್ಲಿ ಶುರುವಾಯಿತು, 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಬಂತು, 1894ರಲ್ಲಿ ಕಿಟ್ಟೆಲ್ ನಿಘಂಟು ಬಂತು. ಈ ಐವತ್ತು ವರ್ಷಗಳ ಶಾಲಾ ಪಠ್ಯಗಳನ್ನು ಒಂದೊಂದಾಗಿ ಹುಡುಕಿ ಓದಿದವರು ಜಾಸ್ತಿ ಜನ ಇಲ್ಲ. ಮೇಡಂ ಓದಿದ್ದಾರೆ.

ಅವರ ಬರಹ ಮೂರು ಕಡೆ ಹರಡಿತ್ತು. ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಲೇಖನಗಳು ಒಂದು ಕಡೆ. ಬೇರೆಯವರು ಸಂಪಾದಿಸಿದ ಪುಸ್ತಕಗಳಲ್ಲಿ ಬಂದ ಅಧ್ಯಾಯಗಳು ಇನ್ನೊಂದು ಕಡೆ. ಮೂರನೆಯದು ಕನ್ನಡದ್ದು: ಒಂದು ಪುಸ್ತಕ, ಒಂದು ಅನುವಾದ, ಸಾಹಿತ್ಯ ಪತ್ರಿಕೆಗಳಲ್ಲಿ ಬಂದ ದೀರ್ಘ ಲೇಖನಗಳು. ಕನ್ನಡದ್ದೇ ಎಲ್ಲಕ್ಕಿಂತ ಜಾಸ್ತಿ.

ಸಮಸ್ಯೆ

ಎನ್‌ಐಆರ್‌ಎಫ್ ರ‍್ಯಾಂಕಿಂಗ್ (ಕೇಂದ್ರ ಸರ್ಕಾರ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೊಡುವ ಸ್ಥಾನ) ಬಂದ ಮೇಲೆ ವಿಶ್ವವಿದ್ಯಾಲಯಗಳಿಗೆ ಸೈಟೇಶನ್ ಚಿಂತೆ ಹತ್ತಿಕೊಂಡಿತು. ಅದರ ಮೊದಲ ಪಟ್ಟಿ 2016ರಲ್ಲಿ ಬಂತು. ಪ್ರಕಟಣೆ ಮತ್ತು ಸೈಟೇಶನ್ ಸಂಖ್ಯೆಯನ್ನು ಅವರು ಪತ್ರಿಕೆಗಳ ಲೇಖನ, ಉಲ್ಲೇಖಗಳನ್ನು ದಾಖಲಿಸುವ ಡೇಟಾಬೇಸ್‌ಗಳಾದ ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್‌ನಿಂದ ತೆಗೆದುಕೊಳ್ಳುತ್ತಾರೆ. ಹಾಗಾಗಿ ನಮ್ಮಲ್ಲೂ ವಾರ್ಷಿಕ ವರದಿಯ ನಮೂನೆಗೆ ಎರಡು ಹೊಸ ಕಾಲಂ ಸೇರಿದವು: ಸ್ಕೋಪಸ್ ಸೈಟೇಶನ್, ಎಚ್-ಇಂಡೆಕ್ಸ್ (ಬರಹಗಳು ಎಷ್ಟು ಉಲ್ಲೇಖಗೊಂಡಿವೆ ಅಂತ ಹೇಳುವ ಒಂದು ಅಂಕಿ, ವಿವರ ಮುಂದಿದೆ). ವಿಶ್ವವಿದ್ಯಾಲಯ ಸಣ್ಣ ಸಂಶೋಧನಾ ಧನಸಹಾಯ ಕೊಡುವ ಯೋಜನೆಗೂ ಅದೇ ಎಚ್-ಇಂಡೆಕ್ಸನ್ನು ಕನಿಷ್ಠ ಅರ್ಹತೆಯಾಗಿ ಹಾಕಿದರು.

ಮೇಡಂ ಆ ಧನಸಹಾಯಕ್ಕೆ ಅರ್ಜಿ ಹಾಕಬೇಕಿತ್ತು. ಪ್ರೊಫೆಸರ್ ಬಡ್ತಿಯ ಫೈಲೂ ಅದೇ ಹೊತ್ತಿಗೆ ತಯಾರಾಗುತ್ತಿತ್ತು. ಸ್ಕೋಪಸ್‌ನಲ್ಲಿ ಅವರ ಹೆಸರಿನ ಎದುರು 2 ಲೇಖನ, ಎಚ್-ಇಂಡೆಕ್ಸ್ 1 ಅಂತ ಇತ್ತು. ಸಮಿತಿಯ ಸಭೆಯೊಂದರಲ್ಲಿ ಒಬ್ಬರು ಆ ಹಾಳೆ ನೋಡಿ, "ಇಷ್ಟು ವರ್ಷದಲ್ಲಿ ಎರಡೇ ಪೇಪರ್ ಆ?" ಅಂತ ಕೇಳಿದರು. ಕೇಳಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಅವರ ಮುಂದೆ ಇದ್ದದ್ದು ಅದೊಂದೇ ಹಾಳೆ.

ಎಚ್-ಇಂಡೆಕ್ಸ್ ಅಂದರೆ ಏನು ಅಂತ ಎರಡು ಮಾತು ಹೇಳಬೇಕು. 2005ರಲ್ಲಿ ಹೊರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಕೊಟ್ಟ ಅಳತೆ ಇದು. ಒಬ್ಬರ 6 ಬರಹಗಳಿಗೆ ತಲಾ ಕನಿಷ್ಠ 6 ಸೈಟೇಶನ್ ಬಂದಿದ್ದರೆ ಅವರ ಎಚ್-ಇಂಡೆಕ್ಸ್ 6. ವರ್ಷಕ್ಕೆ ನಾಲ್ಕೈದು ಚಿಕ್ಕ ಪೇಪರ್ ಬರುವ ಕ್ಷೇತ್ರಕ್ಕೆ ಇದು ಹೊಂದುತ್ತದೆ. ಸಾಹಿತ್ಯದಲ್ಲಿ ಹಾಗಲ್ಲ. ಹತ್ತು ವರ್ಷ ಕೂತು ಒಂದೇ ಪುಸ್ತಕ ಬರೆದು, ಅದನ್ನು ನೂರು ಜನ ಉಲ್ಲೇಖಿಸಿದರೂ ಎಚ್-ಇಂಡೆಕ್ಸ್ 1ರಲ್ಲೇ ನಿಲ್ಲುತ್ತದೆ. ಪುಸ್ತಕವೇ ಮುಖ್ಯವಾದ ಕ್ಷೇತ್ರಕ್ಕೆ ಈ ಅಳತೆಯನ್ನು ಅರ್ಹತೆಯ ಗೆರೆಯಾಗಿ ಹಾಕುವುದು ತಪ್ಪು. ಇದನ್ನು ನಾನು ಸಭೆಯಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಮೊದಲು ಹೆಸರು

ಮೊದಲ ಕೆಲಸ ಅವರ ಬರಹಗಳು ಎಲ್ಲೆಲ್ಲಿವೆ ಅಂತ ನೋಡುವುದು. ಅಲ್ಲೇ ಮೊದಲ ತೊಡಕು ಸಿಕ್ಕಿತು. ನಮ್ಮ ಕಡೆ ಹೆಸರಿನ ಮುಂದೆ ಊರಿನ ಇನಿಶಿಯಲ್, ತಂದೆಯ ಇನಿಶಿಯಲ್ ಇರುತ್ತದೆ, ಸರ್‌ನೇಮ್ ಅಂತ ಬೇರೆ ಇರುವುದಿಲ್ಲ. ಇಂಗ್ಲಿಷ್ ಪತ್ರಿಕೆಗಳು ಸರ್‌ನೇಮ್ ಕೇಳಿಯೇ ಕೇಳುತ್ತವೆ. ಮೇಡಂ ಒಂದು ಪತ್ರಿಕೆಗೆ ಇನಿಶಿಯಲ್ ಹಾಕಿ ಕಳಿಸಿದ್ದರು, ಇನ್ನೊಂದರಲ್ಲಿ ತಂದೆಯ ಹೆಸರು ಸರ್‌ನೇಮ್ ಆಗಿತ್ತು. ಮದುವೆಯಾದ ಮೇಲೆ ಬಂದ ಲೇಖನಗಳಲ್ಲಿ ಗಂಡನ ಮನೆತನದ ಹೆಸರು ಸೇರಿತ್ತು. ಸ್ಕೋಪಸ್ ಯಂತ್ರ ಇವರನ್ನು ಮೂರು ಬೇರೆ ಬೇರೆ ಜನ ಅಂದುಕೊಂಡಿತ್ತು. ಮೂರು ಪ್ರೊಫೈಲ್, ಮೂರರಲ್ಲೂ ಒಂದೆರಡು ಲೇಖನ.

ಇದನ್ನು ಸರಿಮಾಡಲು ದಾರಿ ಇದೆ. ಸ್ಕೋಪಸ್‌ನಲ್ಲಿ ಪ್ರೊಫೈಲ್‌ಗಳನ್ನು ಒಂದು ಮಾಡಿ ಅಂತ ಲೇಖಕರೇ ಕೋರಬಹುದು. ಆರ್ಕಿಡ್ ಅಂತ 16 ಅಂಕಿಯ ಗುರುತು ಸಂಖ್ಯೆ ಇದೆ, 2012ರಿಂದ ಸಿಗುತ್ತಿದೆ, ದುಡ್ಡು ಇಲ್ಲ. ಅದನ್ನು ಮಾಡಿಸಿ ಎಲ್ಲ ಲೇಖನಗಳನ್ನೂ ಅದಕ್ಕೆ ಜೋಡಿಸಿದೆವು. ಪ್ರೊಫೈಲ್‌ಗಳು ಸೇರಿದ ಮೇಲೆ 5 ಲೇಖನ ಆಯಿತು, ಎಚ್-ಇಂಡೆಕ್ಸ್ 2 ಆಯಿತು. ಧನಸಹಾಯಕ್ಕೆ ಕೇಳಿದ್ದ ಗೆರೆ ಇನ್ನೂ ಮೇಲಿತ್ತು.

ಹೆಣ್ಣುಮಕ್ಕಳಿಗೆ ಈ ಹೆಸರಿನ ತೊಂದರೆ ಎರಡು ಪಟ್ಟು. ಮದುವೆಗೆ ಮುಂಚಿನ ಪ್ರಕಟಣೆಗಳು ಒಂದು ಹೆಸರಲ್ಲಿ, ಆಮೇಲಿನವು ಇನ್ನೊಂದು ಹೆಸರಲ್ಲಿ. ಎರಡೂ ಒಬ್ಬರದೇ ಅಂತ ಯಾರೋ ಕೂತು ಹೇಳದೆ ಇದ್ದರೆ ಅರ್ಧ ಕೆಲಸ ಹಾಗೇ ಕಳೆದುಹೋಗುತ್ತದೆ.

ಗೂಗಲ್ ಸ್ಕಾಲರ್‌ನಲ್ಲಿ (ಸಂಶೋಧನಾ ಬರಹ ಹುಡುಕುವ ಗೂಗಲ್ ಸೇವೆ) ಆಗಿದ್ದು ಇದಕ್ಕೆ ತಿರುವುಮುರುವು. ಅಲ್ಲಿ ಪ್ರೊಫೈಲ್ ತೆರೆದ ತಕ್ಷಣ ಯಂತ್ರವೇ ಒಂದು ಪಟ್ಟಿ ತಂದು ಮುಂದಿಟ್ಟು, ಇವೆಲ್ಲ ನಿಮ್ಮವಾ ಅಂತ ಕೇಳುತ್ತದೆ. ಎಲ್ಲದಕ್ಕೂ ಹೌದು ಅಂದರೆ ಸೈಟೇಶನ್ ಸಂಖ್ಯೆ ಒಮ್ಮೆಲೇ ಹಾರುತ್ತದೆ. ಮೇಡಂ ಪಟ್ಟಿಯಲ್ಲಿ ಅದೇ ಇನಿಶಿಯಲ್, ಅದೇ ಹೆಸರಿನ ಕೃಷಿ ವಿಜ್ಞಾನಿಯೊಬ್ಬರ ಲೇಖನಗಳೂ ಇದ್ದವು. ಮಣ್ಣು, ರಾಗಿ, ಗೊಬ್ಬರದ ಮೇಲಿನ ಪೇಪರ್‌ಗಳು. ಅವಕ್ಕೆ ಒಳ್ಳೆಯ ಸೈಟೇಶನ್ ಇತ್ತು. ಜೊತೆಯಲ್ಲಿದ್ದ ಒಬ್ಬರು, "ಇರಲಿ ಬಿಡಿ ಮೇಡಂ, ಯಾರು ಒಂದೊಂದನ್ನೇ ತೆಗೆದು ನೋಡ್ತಾರೆ?" ಅಂದರು. ಮೇಡಂ ನನ್ನ ಕಡೆ ತಿರುಗಿ, "ಸರ್, ಅವು ನನ್ನವಲ್ಲ, ತೆಗೆದುಬಿಡಿ" ಅಂದರು. ತೆಗೆದೆವು. ಅಲ್ಲಿನ ಎಚ್-ಇಂಡೆಕ್ಸ್ 6ಕ್ಕೆ ಬಂದು ನಿಂತಿತು.

ಈ ಪ್ರಕರಣದ ಮೊದಲ ತಿರುವು ಇದೇ ಅಂತ ನನಗೆ ಅನ್ನಿಸುತ್ತದೆ. ಆಮೇಲೆ ನಾವು ಸಮಿತಿಯ ಮುಂದೆ ಒಂದು ಸಂಖ್ಯೆ ಇಟ್ಟು, ಪ್ರತಿಯೊಂದನ್ನೂ ಕೈಯಾರೆ ನೋಡಿದ್ದೇವೆ ಅಂತ ಹೇಳಲು ಸಾಧ್ಯವಾಯಿತು.

ಬೇಡ ಅಂದ ದಾರಿಗಳು

ಸಂಖ್ಯೆ ಏರಿಸಲು ಬೇರೆ ದಾರಿಗಳೂ ಇದ್ದವು. ದುಡ್ಡು ಕೊಟ್ಟರೆ ಕೆಲವೇ ವಾರದಲ್ಲಿ ಸ್ಕೋಪಸ್ ಪತ್ರಿಕೆಯಲ್ಲಿ ಹಾಕಿಸುತ್ತೇವೆ ಅನ್ನುವ ಮೆಸೇಜ್‌ಗಳು ಅಧ್ಯಾಪಕರ ವಾಟ್ಸಾಪ್‌ಗೆ ಬರುತ್ತಲೇ ಇರುತ್ತವೆ. ಈ ದಂಧೆಯಿಂದ ಎಷ್ಟು ಹಾನಿಯಾಗಿದೆ ಅನ್ನುವುದಕ್ಕೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅನುಭವವೇ ಸಾಕ್ಷಿ. 2018ರ ಮೇ ತಿಂಗಳಲ್ಲಿ ಅದು ತಾನೇ ಮಾನ್ಯ ಮಾಡಿದ್ದ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. 2019ರಲ್ಲಿ ಯುಜಿಸಿ-ಕೇರ್ ಪಟ್ಟಿ ತಂದರು, 2025ರಲ್ಲಿ ಅದನ್ನೂ ನಿಲ್ಲಿಸಿದರು. ಪಟ್ಟಿ ನಂಬಿ ಬರೆದವರ ಪಾಡು ಏನು ಅಂತ ಯೋಚಿಸಿ.

ಇನ್ನೊಂದು ಸಲಹೆ ಹೊರಗಿಂದ ನೋಡಲು ಸೌಮ್ಯವಾಗಿತ್ತು. ಮೇಡಂ ಕೈಕೆಳಗೆ ಪಿಎಚ್‌.ಡಿ ಮಾಡುವವರು ತಮ್ಮ ಪ್ರತಿ ಲೇಖನದಲ್ಲೂ ಅವರ ಎರಡು ಮೂರು ಬರಹಗಳನ್ನು ಸೇರಿಸಲಿ ಅನ್ನುವುದು. ಬಹಳ ಕಡೆ ಹೀಗೆ ನಡೆಯುತ್ತದೆ. ಮೇಡಂ ಇದಕ್ಕೂ ಒಪ್ಪಲಿಲ್ಲ. ಹುಡುಗರು ಗೈಡ್‌ಗೆ ಇಲ್ಲ ಅನ್ನಲಾರರು, ಹಾಗಾಗಿ ಕೇಳುವುದೇ ತಪ್ಪು ಅಂದರು. ನನಗೆ ಅವರ ಮೇಲಿನ ಗೌರವ ಜಾಸ್ತಿಯಾಗಿದ್ದು ಆ ಮಾತಿನಿಂದ.

ಕನ್ನಡದ ಬರಹ ಎಲ್ಲಿ ಹೋಯಿತು

ಅವರ ಅತ್ಯುತ್ತಮ ಕೆಲಸ ಕನ್ನಡದಲ್ಲಿದೆ ಅಂತ ಆ ಕ್ಷೇತ್ರದವರು ಹೇಳುತ್ತಾರೆ. ಸ್ಕೋಪಸ್‌ನಲ್ಲಿ ಅದು ಇರಲಿಲ್ಲ, ಗೂಗಲ್ ಸ್ಕಾಲರ್‌ನಲ್ಲೂ ಹೆಚ್ಚುಕಡಿಮೆ ಇರಲಿಲ್ಲ. ಯಾಕೆ ಅಂತ ಹುಡುಕಿದಾಗ ಕಾರಣ ಬಹಳ ಸರಳವಾಗಿತ್ತು.

ಕನ್ನಡ ಪತ್ರಿಕೆಗಳು ಎಷ್ಟೋ ವರ್ಷ ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಪುಟ ಕಟ್ಟಿದವು. ಅವು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರೂ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತದಲ್ಲಿ ಇಲ್ಲ. ಪಿಡಿಎಫ್ ತೆರೆದರೆ ಕಣ್ಣಿಗೆ ಚಂದದ ಕನ್ನಡ ಕಾಣುತ್ತದೆ. ಅದೇ ಸಾಲನ್ನು ಕಾಪಿ ಮಾಡಿ ಬೇರೆ ಕಡೆ ಹಾಕಿ ನೋಡಿ, ಅರ್ಥವಿಲ್ಲದ ರೋಮನ್ ಅಕ್ಷರಗಳು ಬೀಳುತ್ತವೆ. ಯಂತ್ರ ಓದುವುದು ಆ ರೋಮನ್ ಅಕ್ಷರಗಳನ್ನೇ. ಅಂದರೆ ಲೇಖಕಿಯ ಹೆಸರು, ಲೇಖನದ ಹೆಸರು, ಕೊನೆಯ ಗ್ರಂಥಋಣ ಯಾವುದೂ ಅದಕ್ಕೆ ಸಿಗುವುದಿಲ್ಲ. ಸ್ಕ್ಯಾನ್ ಮಾಡಿ ಹಾಕಿದ ಪುಟಗಳದ್ದೂ ಇದೇ ಕಥೆ, ಅವು ಯಂತ್ರಕ್ಕೆ ಬರೀ ಚಿತ್ರ. ಇದು ಒಬ್ಬರ ತೊಂದರೆಯಲ್ಲ. ಕನ್ನಡದಲ್ಲಿ ನಡೆದ ಎಷ್ಟೋ ವರ್ಷಗಳ ಸಂಶೋಧನೆ ಹೀಗೆ ಎಣಿಕೆಯ ಹೊರಗೆ ಉಳಿದಿದೆ. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ನೋವಾಗಿದ್ದು ಇದೇ.

ವಸಾಹತೋತ್ತರ ಅಧ್ಯಯನದಲ್ಲಿ ಇದರ ಭಾರ ಇನ್ನೂ ಜಾಸ್ತಿ. ಕೆನ್ಯಾದ ಲೇಖಕ ಗೂಗಿ ವಾ ಥಿಯಾಂಗೋ 1970ರ ದಶಕದ ಕೊನೆಯಲ್ಲಿ ಇಂಗ್ಲಿಷ್ ಬಿಟ್ಟು ಗಿಕುಯು ಭಾಷೆಯಲ್ಲಿ ಕಾದಂಬರಿ ಬರೆಯಲು ತೊಡಗಿದರು. ಅವರನ್ನು ತರಗತಿಯಲ್ಲಿ ಪಾಠ ಮಾಡುವ ಅಧ್ಯಾಪಕಿ ತಾನೂ ತನ್ನ ಭಾಷೆಯಲ್ಲಿ ಬರೆದರೆ, ನಮ್ಮ ನಮೂನೆಯಲ್ಲಿ ಅದಕ್ಕೆ ಸೊನ್ನೆ. ಮೇಡಂ ಈ ಬಗ್ಗೆ ದೂರಿದ್ದು ಕಡಿಮೆ. ಆದರೆ ಕಿರಿಯರಿಗೆ ಕನ್ನಡದಲ್ಲಿ ಬರೀರಿ ಅಂತ ಧೈರ್ಯವಾಗಿ ಹೇಳಲು ಆಗ್ತಿಲ್ಲ ಅಂತ ಒಮ್ಮೆ ಹೇಳಿದರು.

ನಾವು ಮಾಡಿದ್ದು ಇಷ್ಟು. ಲೇಖನಗಳು ಬಂದಿದ್ದ ಪತ್ರಿಕೆಗಳ ಸಂಪಾದಕರಿಗೆ ಪತ್ರ ಬರೆದು ಅನುಮತಿ ಕೇಳಿದೆವು. ಒಪ್ಪಿಗೆ ಸಿಕ್ಕಿದ್ದನ್ನು ಯೂನಿಕೋಡ್‌ಗೆ ಬದಲಿಸಿದೆವು. ಬದಲಿಸುವ ತಂತ್ರಾಂಶ ಇದೆ, ಆದರೆ ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ಕೆಡುತ್ತವೆ, ಪೂರ್ತಿ ಪ್ರೂಫ್ ನೋಡಲೇಬೇಕು. ಕನ್ನಡ ವಿಭಾಗದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಆ ಕೆಲಸ ಮಾಡಿಕೊಟ್ಟರು. ಆಮೇಲೆ ಗ್ರಂಥಾಲಯದ ಡಿಜಿಟಲ್ ಭಂಡಾರದಲ್ಲಿ ಹಾಕಿದೆವು. ಪ್ರತಿ ಲೇಖನಕ್ಕೂ ಕನ್ನಡ ಹೆಸರಿನ ಜೊತೆ ರೋಮನ್ ಲಿಪಿಯಲ್ಲೂ ಹೆಸರು ಕೊಟ್ಟು, ಒಂದು ಪ್ಯಾರಾ ಇಂಗ್ಲಿಷ್ ಸಾರಾಂಶ ಸೇರಿಸಿದೆವು.

ಎಣಿಸುವುದು ಬಿಟ್ಟು ಓದಿದ್ದು

ಎರಡನೇ ತಿರುವು ಬಂದದ್ದು ಮೇಡಂ ಅವರ ಒಂದು ಪ್ರಶ್ನೆಯಿಂದ. "ನನ್ನನ್ನು ಉಲ್ಲೇಖಿಸಿದವರು ಏನು ಹೇಳಿದ್ದಾರೆ ಅಂತ ನೋಡಬಹುದಾ?" ಸಾಮಾನ್ಯವಾಗಿ ಇದನ್ನು ಯಾರೂ ಕೇಳುವುದಿಲ್ಲ. ಸಂಖ್ಯೆ ತೆಗೆದುಕೊಂಡು ಹೋಗುತ್ತಾರೆ.

ಸಿಕ್ಕ ಉಲ್ಲೇಖಗಳನ್ನು ಒಂದೊಂದಾಗಿ ತೆರೆದು, ಅವರ ಹೆಸರು ಬಂದ ಪ್ಯಾರಾ ಓದಿ, ಮೂರು ಗುಂಪು ಮಾಡಿದೆವು. ಬರೀ ಹೆಸರು ಹೇಳಿ ಮುಂದೆ ಹೋದವು ಒಂದು. ಅವರು ಕೊಟ್ಟ ಮಾಹಿತಿಯನ್ನೋ ವಾದವನ್ನೋ ಬಳಸಿಕೊಂಡವು ಎರಡನೆಯದು. ಅವರ ವಾದದ ಜೊತೆ ಜಗಳಕ್ಕೆ ಇಳಿದವು ಅಥವಾ ಅದನ್ನು ಮುಂದೆ ಒಯ್ದವು ಮೂರನೆಯದು.

ಅವರ ಅತಿ ಹೆಚ್ಚು ಸೈಟೇಶನ್ ಇರುವ ಲೇಖನ ಭಾರತದ ತರಗತಿಗಳಲ್ಲಿ ವಸಾಹತೋತ್ತರ ಸಿದ್ಧಾಂತದ ಪಾಠದ ಬಗ್ಗೆ ಬರೆದ ಒಂದು ಸಾಮಾನ್ಯ ಸಮೀಕ್ಷೆ. ಅದಕ್ಕೆ ಬಂದ ಉಲ್ಲೇಖಗಳಲ್ಲಿ ಮೂರರಲ್ಲಿ ಎರಡು ಪಾಲು ಮೊದಲ ಗುಂಪಿನವೇ. ಪೀಠಿಕೆಯಲ್ಲಿ ಈ ಸಿದ್ಧಾಂತದ ಪ್ರಮುಖರಾದ ಸೈದ್, ಸ್ಪಿವಾಕ್, ಭಾಭಾ ಹೆಸರುಗಳ ಸಾಲಿನ ಕೊನೆಗೆ ಇವರ ಹೆಸರು, ಅಷ್ಟೇ. ಕೆಲವರು ಲೇಖನವನ್ನು ಓದಿಲ್ಲ ಅನ್ನುವುದು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು, ಅದರಲ್ಲಿ ಇಲ್ಲದ ಮಾತನ್ನು ಅದರ ಹೆಸರಲ್ಲಿ ಬರೆದಿದ್ದರು.

ಇನ್ನೊಂದು ಬರಹ ಶಾಲಾ ಪಠ್ಯಗಳ ಮೇಲಿನದು, ಸಂಪಾದಿತ ಪುಸ್ತಕದ ಒಂದು ಅಧ್ಯಾಯ. ಯಂತ್ರದ ಲೆಕ್ಕದಲ್ಲಿ ಅದಕ್ಕೆ ಬೆರಳೆಣಿಕೆಯ ಸೈಟೇಶನ್. ತೆರೆದು ನೋಡಿದರೆ ಬಂದ ಎಲ್ಲವೂ ಎರಡನೇ, ಮೂರನೇ ಗುಂಪಿನವು. ಶಿಕ್ಷಣದ ಇತಿಹಾಸ ಬರೆಯುವ ಒಬ್ಬರು ತಮ್ಮ ಪುಸ್ತಕದಲ್ಲಿ ಹಲವು ಪುಟ ಅದಕ್ಕೇ ಕೊಟ್ಟು, ಮೇಡಂ ಮಿಷನರಿ ಪಠ್ಯಗಳ ಪ್ರಭಾವವನ್ನು ಹೆಚ್ಚಾಗಿ ಅಂದಾಜು ಮಾಡಿದ್ದಾರೆ ಅಂತ ವಾದಿಸಿದ್ದರು. ಮೇಡಂ ಅದನ್ನು ಅಲ್ಲಿಯವರೆಗೆ ನೋಡೇ ಇರಲಿಲ್ಲ. ಓದಿ ಬಹಳ ಖುಷಿಪಟ್ಟರು. ತಮ್ಮ ವಿರುದ್ಧದ ವಾದ ಓದಿ ಅಷ್ಟು ಖುಷಿಪಟ್ಟವರನ್ನು ನಾನು ನೋಡಿದ್ದು ಅಪರೂಪ.

ಅದೇ ಅಧ್ಯಾಯಕ್ಕೆ ಇನ್ನಷ್ಟು ಉಲ್ಲೇಖಗಳಿವೆ ಅಂತಲೂ ಹುಡುಕುವಾಗ ತಿಳಿಯಿತು. ಬಹಳ ಜನ ಅಧ್ಯಾಯದ ಲೇಖಕರ ಹೆಸರು ಬಿಟ್ಟು ಇಡೀ ಪುಸ್ತಕವನ್ನು ಸಂಪಾದಕರ ಹೆಸರಲ್ಲಿ ಉಲ್ಲೇಖಿಸುತ್ತಾರೆ. ಪುಟ ಸಂಖ್ಯೆ ನೋಡಿದರೆ ಅವು ಮೇಡಂ ಬರೆದ ಪುಟಗಳು. ಇಂಥವನ್ನು ಯಾವ ಯಂತ್ರವೂ ಅವರ ಖಾತೆಗೆ ಹಾಕುವುದಿಲ್ಲ.

ಇದರ ಜೊತೆ ಶೋಧಗಂಗಾದಲ್ಲಿ ಹುಡುಕಿದೆವು. ಇನ್‌ಫ್ಲಿಬ್‌ನೆಟ್ ಎಂಬ ಯುಜಿಸಿ ಕೇಂದ್ರ ನಡೆಸುವ ಈ ಭಂಡಾರದಲ್ಲಿ ದೇಶದ ಪಿಎಚ್‌.ಡಿ ಮಹಾಪ್ರಬಂಧಗಳಿವೆ. ಅವರ ಕನ್ನಡ ಪುಸ್ತಕವನ್ನು ಆಧಾರವಾಗಿ ಇಟ್ಟುಕೊಂಡ ಪ್ರಬಂಧಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳಿಂದ ಸಿಕ್ಕವು, ಕನ್ನಡ, ಇತಿಹಾಸ, ಶಿಕ್ಷಣ ವಿಭಾಗಗಳಿಂದ. ಎಂ.ಎ ಪಠ್ಯಕ್ರಮಗಳಲ್ಲೂ ಆ ಪುಸ್ತಕ ಇತ್ತು. ಇವನ್ನೆಲ್ಲ ಸೇರಿಸಿ ನಾಲ್ಕು ಪುಟದ ಟಿಪ್ಪಣಿ ತಯಾರಾಯಿತು. ಟಿಪ್ಪಣಿಯ ಮೊದಲ ಪುಟದಲ್ಲಿ ಸ್ಕೋಪಸ್ ಎಚ್-ಇಂಡೆಕ್ಸ್ 2 ಅಂತ ಸ್ಪಷ್ಟವಾಗಿ ಬರೆದೆವು. ಕಡಿಮೆ ಅಂಕಿಯನ್ನು ಕೊನೆಯ ಪುಟಕ್ಕೆ ತಳ್ಳೋಣ ಅಂತ ಸಲಹೆ ಬಂದಿತ್ತು, ಬೇಡ ಅಂದೆವು. ಅದನ್ನು ಮೊದಲೇ ಹೇಳಿದರೆ ಉಳಿದದ್ದನ್ನು ನಂಬುತ್ತಾರೆ. ಸಂಶೋಧನೆಯನ್ನು ಅಂಕಿಗಳಿಂದ ಅಳೆಯುವ ಬಗ್ಗೆ ತಜ್ಞರು ಕೊಟ್ಟ 2015ರ ಲೈಡನ್ ಮ್ಯಾನಿಫೆಸ್ಟೋ ಸ್ಥಳೀಯ ಮಹತ್ವದ ಸಂಶೋಧನೆಯನ್ನು ಕಾಪಾಡಿ, ಕ್ಷೇತ್ರದಿಂದ ಕ್ಷೇತ್ರಕ್ಕೆ ಇರುವ ವ್ಯತ್ಯಾಸ ಗಮನಿಸಿ ಅಂತ ಹೇಳಿರುವುದನ್ನೂ ಒಂದು ಸಾಲಿನಲ್ಲಿ ಸೇರಿಸಿದೆವು.

ಏನಾಯಿತು

ಬಡ್ತಿ ಆಯಿತು. ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿ ಒಂದಿದೆ. ಯುಜಿಸಿಯ 2018ರ ನಿಯಮದ ಸಂಶೋಧನಾ ಅಂಕದ ಕೋಷ್ಟಕದಲ್ಲಿ ಸೈಟೇಶನ್‌ಗೆ ಅಂಕವೇ ಇಲ್ಲ, ಎಚ್-ಇಂಡೆಕ್ಸ್‌ಗೂ ಇಲ್ಲ. ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಒಂದು ಲೇಖನಕ್ಕೆ 10, ಅಂತರರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 12, ದೇಶದ ಪ್ರಕಾಶಕರದ್ದಾದರೆ 10, ಸಂಪಾದಿತ ಪುಸ್ತಕದ ಅಧ್ಯಾಯಕ್ಕೆ 5, ಪುಸ್ತಕದ ಅನುವಾದಕ್ಕೆ 8. ವಿಶ್ವವಿದ್ಯಾಲಯದಲ್ಲಿ ಅಸೋಸಿಯೇಟ್ ಪ್ರೊಫೆಸರ್‌ನಿಂದ ಪ್ರೊಫೆಸರ್ ಬಡ್ತಿಗೆ 110 ಬೇಕು. ಮೇಡಂ ಅದನ್ನು ದಾಟಿದ್ದರು. ಎಚ್-ಇಂಡೆಕ್ಸ್ ಕಡಿಮೆ ಅಂತ ಬಡ್ತಿಯ ಬಗ್ಗೆ ಹೆದರಿದ್ದು ಸುಮ್ನೆ. ಎಷ್ಟೋ ಅಧ್ಯಾಪಕರು ಎರಡನ್ನೂ ಒಂದೇ ಅಂದುಕೊಂಡು ಗಾಬರಿಯಾಗುತ್ತಾರೆ, ಆ ಗಾಬರಿಯಲ್ಲೇ ದುಡ್ಡು ಕೇಳುವ ಪತ್ರಿಕೆಗಳ ಕೈಗೆ ಬೀಳುತ್ತಾರೆ. ಹಾಗಂತ ಈ ಕೋಷ್ಟಕ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ದುಡಿದ ಪುಸ್ತಕಕ್ಕೂ ಒಂದು ಲೇಖನಕ್ಕೂ ನಡುವೆ ಹೆಚ್ಚೆಂದರೆ ಎರಡೇ ಅಂಕದ ಅಂತರ ಇರುವುದು ಅನ್ಯಾಯ ಅಲ್ವಾ?

ಸಂದರ್ಶನದಲ್ಲಿ ಹೊರಗಿನಿಂದ ಬಂದ ವಿಷಯ ತಜ್ಞರೊಬ್ಬರು ಟಿಪ್ಪಣಿಯ ಮೂರನೇ ಗುಂಪಿನ ಭಾಗವನ್ನು ಓದಿಕೊಂಡು ಬಂದಿದ್ದರು. ಅವರ ಪ್ರಶ್ನೆಗಳೆಲ್ಲ ಶಾಲಾ ಪಠ್ಯಗಳ ಸುತ್ತಲೇ ಇದ್ದವು, ಮೇಡಂ ವಿರುದ್ಧ ಬಂದಿದ್ದ ವಾದಕ್ಕೆ ಅವರ ಉತ್ತರವೇನು ಅಂತ ಕೇಳಿದರಂತೆ.

ಧನಸಹಾಯ ಸಿಗಲಿಲ್ಲ. ನಿಯಮದಲ್ಲಿ ಗೆರೆ ಹಾಕಿಯಾಗಿತ್ತು, ಟಿಪ್ಪಣಿ ಓದಿದವರಿಗೂ ಅದನ್ನು ದಾಟಿಸುವ ಅಧಿಕಾರ ಇರಲಿಲ್ಲ. ಮುಂದಿನ ವರ್ಷದ ನಮೂನೆಯಲ್ಲಿ ಮಾನವಿಕ ವಿಷಯಗಳವರು ಎಚ್-ಇಂಡೆಕ್ಸ್ ಬದಲು ತಮ್ಮ ಮೂರು ಬರಹಗಳನ್ನು ಆರಿಸಿ, ಅವು ಹೇಗೆ ಬಳಕೆಯಾಗಿವೆ ಅಂತ ಒಂದು ಪುಟ ಬರೆಯಬಹುದು ಅಂತ ಸೇರಿಸಿದರು. ಸಭೆಯಲ್ಲಿ ಇದನ್ನು ಮೊದಲು ಎತ್ತಿದವರು "ಎರಡೇ ಪೇಪರ್ ಆ?" ಅಂತ ಕೇಳಿದ್ದ ಅದೇ ಪ್ರಾಧ್ಯಾಪಕರು.

ಯೂನಿಕೋಡ್‌ಗೆ ಬದಲಿಸಿದ ಲೇಖನಗಳು ಈಗ ಗೂಗಲ್ ಹುಡುಕಾಟದಲ್ಲಿ ಸಿಗುತ್ತವೆ. ಎಚ್-ಇಂಡೆಕ್ಸ್ ಅದರಿಂದ ಏರಿಲ್ಲ, ಸದ್ಯಕ್ಕೆ ಏರುವುದೂ ಇಲ್ಲ. ಓದಿದವರು ಮೇಡಂಗೆ ಪತ್ರ ಬರೆಯುತ್ತಿದ್ದಾರೆ, ಅದರಲ್ಲಿ ಶಾಲಾ ಮೇಷ್ಟ್ರುಗಳೂ ಇದ್ದಾರೆ.

ಗ್ರಂಥಾಲಯದಲ್ಲಿ ಬದಲಿಸಿಕೊಂಡಿದ್ದು

ಹೊಸ ಅಧ್ಯಾಪಕರು ಸೇರಿದ ಕೂಡಲೇ ಈಗ ನಾವು ಒಂದು ಪ್ರಶ್ನೆ ಕೇಳುತ್ತೇವೆ: ಇಂಗ್ಲಿಷ್‌ನಲ್ಲಿ ಯಾವ ಹೆಸರಲ್ಲಿ ಬರೆಯುತ್ತೀರಿ, ಕನ್ನಡದಲ್ಲಿ ಯಾವ ಹೆಸರಲ್ಲಿ? ಅದನ್ನು ನಿಗದಿ ಮಾಡಿಸಿ ಆರ್ಕಿಡ್ ಮಾಡಿಕೊಡುತ್ತೇವೆ. ಗೂಗಲ್ ಸ್ಕಾಲರ್‌ನಲ್ಲಿ ಲೇಖನಗಳು ತಾವಾಗಿ ಸೇರುವ ಆಯ್ಕೆಯನ್ನು ತೆಗೆಸುತ್ತೇವೆ, ಬೇರೆಯವರ ಕೆಲಸ ಬಂದು ಕೂರದಿರಲಿ ಅಂತ. ಕನ್ನಡ ಲೇಖನ ಪ್ರಕಟವಾದರೆ ಸಂಪಾದಕರಿಂದ ಯೂನಿಕೋಡ್ ಪ್ರತಿ ಕೇಳಿ ಇಟ್ಟುಕೊಳ್ಳಿ ಅನ್ನುತ್ತೇವೆ. ಪ್ರಕಟವಾದ ವಾರದಲ್ಲಿ ಕೇಳಿದರೆ ಸಿಗುತ್ತದೆ, ಹತ್ತು ವರ್ಷ ಬಿಟ್ಟು ಕೇಳಿದರೆ ಆ ಕಂಪ್ಯೂಟರೇ ಇರುವುದಿಲ್ಲ. ಉಲ್ಲೇಖಗಳನ್ನು ಮೂರು ಗುಂಪು ಮಾಡುವುದು ಬಹಳ ಸಮಯ ಹಿಡಿಯುವ ಕೆಲಸ. ಎಲ್ಲರಿಗೂ ಮಾಡಿಕೊಡಲು ನಮ್ಮಲ್ಲಿ ಅಷ್ಟು ಸಿಬ್ಬಂದಿ ಇಲ್ಲ. ಹಾಗಾಗಿ ಅಧ್ಯಾಪಕರು ಆರಿಸಿದ ಮೂರು ಬರಹಗಳಿಗೆ ಮಾತ್ರ ಮಾಡುತ್ತೇವೆ.

ಮೇಡಂ ಈಗ ಶಾಲಾ ಪಠ್ಯಗಳ ಅಧ್ಯಾಯವನ್ನು ಪುಸ್ತಕವಾಗಿ ಬೆಳೆಸುತ್ತಿದ್ದಾರೆ, ತಮ್ಮ ಜೊತೆ ವಾದಿಸಿದ ಇತಿಹಾಸಕಾರರಿಗೆ ಅದರಲ್ಲಿ ಉತ್ತರ ಕೊಡುತ್ತಾರೆ. ಇಂಗ್ಲಿಷ್ ಪ್ರಕಾಶಕರೊಬ್ಬರು ಕೇಳಿದ್ದಾರೆ. ಮೊದಲು ಕನ್ನಡದಲ್ಲಿ ತರುವುದು ಅಂತ ಅವರು ತೀರ್ಮಾನ ಮಾಡಿದ್ದಾರೆ. ಗ್ರಂಥಋಣವನ್ನು ಎರಡೂ ಲಿಪಿಯಲ್ಲಿ ಕೊಡಲು ಕನ್ನಡ ಪ್ರಕಾಶಕರು ಒಪ್ಪಿದ್ದಾರೆ, ಯೂನಿಕೋಡ್ ಪ್ರತಿ ನಮ್ಮ ಭಂಡಾರಕ್ಕೆ ಬರುತ್ತದೆ.